ಹಾಸನ್ನೇ ಅಳಿಸಿದ ಸಾಫ್ಟ್‌ವೇರ್

ಮೂರು ವರ್ಷದ ಹಿಂದೆ ಚಳ್ಳಕೆರೆಯಲ್ಲಿ ನನ್ನದು ಮದುವೆ ವಿಡಿಯೋ ಸ್ಟುಡಿಯೋ ಇತ್ತು. ಮೊಳಕಾಲ್ಮೂರಿನ ನೇಕಾರ್ತಿ ಲಕ್ಷ್ಮಕ್ಕ ದಲ್ಲಾಳಿಯ ಹಂಗಿಲ್ಲದೆ ತಾವೇ ಸೀರೆ ಮಾರಲು ಚಿತ್ರದುರ್ಗದ ಕೈಮಗ್ಗ ಮೇಳದಲ್ಲಿ ಮೊದಲ ಸಲ ಮಳಿಗೆ ಹಿಡಿದಿದ್ದರು. ಹೋಗುವವರನ್ನು ನಿಲ್ಲಿಸಲು ನಲವತ್ತು ಸೆಕೆಂಡಿನ ಚಿತ್ರ ಮಾಡಿಕೊಡಲು ನನ್ನನ್ನು ಕೇಳಿದರು: ಆಟಿಕೆ ಇಟ್ಟಿಗೆಗಳ ಮಗ್ಗ, ಅದರಲ್ಲಿ ಅಡ್ಡ ನೂಲು ಹೊತ್ತು ತಾನಾಗಿ ಹಾರುವ ಲಾಳಿ.

ಸ್ಟಾಪ್ ಮೋಷನ್ ಎಂದರೆ ವಸ್ತುವನ್ನು ಚೂರೇ ಚೂರು ಸರಿಸುತ್ತ ಫೋಟೋ ತೆಗೆಯುವುದು. ಸೆಕೆಂಡಿಗೆ ಹನ್ನೆರಡರಂತೆ ಒಟ್ಟು 480. ಲಕ್ಷ್ಮಕ್ಕನ ನಡುಮನೆಯಲ್ಲೇ ಮಗ್ಗ ಕಟ್ಟಿ, ಉದ್ದಕ್ಕೆ ನಿಜವಾದ ರೇಷ್ಮೆ ಎಳೆ ಬಿಗಿದೆವು. ನೇಕಾರರು ಅದನ್ನು ಹಾಸು ಎನ್ನುತ್ತಾರೆ. ಲಾಳಿಯನ್ನು ತೂಗುಹಾಕಲೂ ಕೈಗೆ ಸಿಕ್ಕ ಅದೇ ರೇಷ್ಮೆ ಬಳಸಿದೆ. ಲಾಳಿ ತಾನಾಗಿ ಹಾರಿದಂತೆ ಕಾಣಲು ಆ ತೂಗುದಾರವನ್ನು ಆಮೇಲೆ ಸಾಫ್ಟ್‌ವೇರ್ ಅಳಿಸಬೇಕು.

ಚೌಕಾಸಿಯಲ್ಲಿ ನಾನು ಸೋತವನಲ್ಲ. ಮೂವರು ಮಾರಾಟಗಾರರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿ, ‘ದಾರ ತಾನೇ ಹುಡುಕಿ ಅಳಿಸುತ್ತೆ’ ಎಂಬ ದುಬಾರಿ ಸಾಫ್ಟ್‌ವೇರನ್ನು ಅರ್ಧ ಬೆಲೆಗೆ ಇಳಿಸಿದೆ. ಅವರ ಸ್ಯಾಂಪಲ್ಲಿನ ಹಾರುವ ಕಾರು ಸೊಗಸಾಗಿತ್ತು. ನಮ್ಮ ಒಂದೇ ಒಂದು ಫೋಟೋವನ್ನೂ ಹಾಕಿ ನೋಡಲಿಲ್ಲ.

ಮೇಳಕ್ಕೆ ಮೂರು ದಿನ ಇದ್ದಾಗ ಲ್ಯಾಪ್‌ಟಾಪಿನಲ್ಲಿ ಲಕ್ಷ್ಮಕ್ಕನಿಗೆ ಚಿತ್ರ ತೋರಿಸಿದೆ. ಲಾಳಿ ಹಾರಿತು, ತೂಗುದಾರದ ಜೊತೆ ಹಾಸೂ ಮಾಯವಾಗಿತ್ತು.

“ಇದೇನ್ರಿ, ಹಾಸಿಲ್ದ ಮಗ್ಗ! ನಮ್ ಬೀದಿಯೋರು ನೋಡಿದ್ರೆ ನನ್ ಮಾನ ಉಳಿತೈತಾ?”

“ಸಾಫ್ಟ್‌ವೇರ್ ಅಳಿಸ್ಬಿಟ್ಟೈತೆ ಅಕ್ಕ. ಅದಕ್ಕೆ ಎಲ್ಲಾ ದಾರಾನೂ ಒಂದೇ.”

“ನಿಮ್ಮನೆಯೋರಿಗೆ ನನ್ ಹತ್ರ ಸೀರೆ ತಗಂಡಾಗ ಮಡಿಕೆ ಬಿಚ್ಚಿಸಿ, ಸೆರಗು ಉಜ್ಜಿ ನೋಡಿ, ಆಮ್ಯಾಕೆ ರೇಟು ಜಗ್ಗಿದ್ರಿ. ಇದನ್ನ ಮಡಿಕೆ ಬಿಚ್ದೇನೇ ತಂದ್ರಾ?”

ಸಾಫ್ಟ್‌ವೇರ್ ಮಾರಿದವನಿಗೆ ಫೋನ್ ಮಾಡಿದರೆ, “ರಿಯಾಯಿತಿ ಮಾಲು ವಾಪಸ್ ಇಲ್ಲ ಸರ್.”

ಪುಣ್ಯಕ್ಕೆ ನಡುಮನೆಯಲ್ಲಿ ಮಗ್ಗವೂ ಸ್ಟ್ಯಾಂಡಿನ ಮೇಲಿನ ಕ್ಯಾಮೆರಾವೂ ಅಲುಗದೆ ಇಟ್ಟಲ್ಲೇ ಇದ್ದವು. ಲಾಳಿ ತೆಗೆದು, ನೇಯುವಾಗ ಮೇಲೆ ಕೆಳಗೆ ಆಡುವ ಹಾಸು ಮೇಲಿದ್ದಾಗ ಒಂದು, ಕೆಳಗಿದ್ದಾಗ ಒಂದು ಖಾಲಿ ಫೋಟೋ ತೆಗೆದೆ. ಪುಕ್ಕಟೆ ಸಿಗುವ ಸಾದಾ ಸಾಫ್ಟ್‌ವೇರಿನಲ್ಲಿ, ಲಾಳಿ ಬರುವ 96 ಮೂಲ ಫೋಟೋಗಳಲ್ಲೂ ತೂಗುದಾರದ ಜಾಗಕ್ಕೆ ಹೊಂದುವ ಖಾಲಿ ಫೋಟೋದ ತುಂಡು ಕೂರಿಸಿದೆ. ಎರಡು ದಿನ, ಒಂದೊಂದಾಗಿ, ನನ್ನನ್ನೇ ಬೈದುಕೊಳ್ಳುತ್ತ.

ಮೇಳದಲ್ಲಿ ಮೊದಲು ನಿಂತ ಹೆಂಗಸು ಚಿತ್ರವನ್ನು ಎರಡು ಸಲ ನೋಡಿ, ಒಂದು ಸೀರೆಯ ಕಡೆ ಬೆರಳು ಮಾಡಿದರು. ಲಕ್ಷ್ಮಕ್ಕ ರೇಟು ಹೇಳಲಿಲ್ಲ. ನನ್ನತ್ತ ಒಮ್ಮೆ ನೋಡಿ, “ಮೊದ್ಲು ಬಿಚ್ಚಿ ನೋಡ್ರಿ ತಾಯಿ” ಅಂದರು.

ಯಾವ ಸಾಫ್ಟ್‌ವೇರ್ ಕೊಳ್ಳಲಿ ಎಂದು ಕೇಳುವವರಿಗೆ ನಾನೂ ಅಷ್ಟೇ ಹೇಳುತ್ತೇನೆ: ನಿಮ್ಮ ಅತಿ ಕಷ್ಟದ ಹತ್ತು ಫೋಟೋ ಅದಕ್ಕೆ ಕೊಟ್ಟು ನೋಡಿ, ಚೌಕಾಸಿ ಆಮೇಲೆ.