ಸರಸಮ್ಮ ಸಿಸ್ಟರ್ ಮತ್ತು ಖಾಲಿ ಸೀಟು

ಸರಸಮ್ಮ ಸಿಸ್ಟರ್ ಬೆಂಗಳೂರಿನಲ್ಲಿ ಮೂರು ವಾರದ ತರಬೇತಿ ಮುಗಿಸಿ ಬಂದ ದಿನ ಚನ್ನಪಟ್ಟಣದ ಆಸ್ಪತ್ರೆಯಲ್ಲಿ ನಕ್ಕವರೇ ನಕ್ಕವರು. ಹೃದಯದ ತರಬೇತಿಯಲ್ಲ, ಐಸಿಯುದೂ ಅಲ್ಲ. ಒಂದಕ್ಕೆ ಎರಡಕ್ಕೆ ತಡೆಯಲಾಗದವರನ್ನು ನೋಡಿಕೊಳ್ಳುವ ತರಬೇತಿ!

"ಇಪ್ಪತ್ನಾಕು ವರ್ಸ ಬೆಡ್‌ಪ್ಯಾನ್ ಎತ್ತಿದ್ದು ಸಾಲ್ದು ಅಂತ ಈಗ ಸರ್ಟಿಫಿಕೇಟ್ ಬೇರೆ ತಂದವ್ಳೆ," ಎಂದು ಜೊತೆಯ ನರ್ಸ್ ಮುನವ್ವರಾ ರೇಗಿಸಿದಳು.

"ನಗಮ್ಮ, ನಗು. ಜೋರಾಗಿ ನಕ್ಕಾಗ ಒಸಿ ಒದ್ದೆಯಾಯ್ತದಲ್ಲ, ಆವಾಗ ನನ್ನತ್ರಾನೇ ಬರ್ಬೇಕು."

ಮುನವ್ವರಾಳ ನಗು ಗಕ್ಕನೆ ನಿಂತಿತು. ಅಲ್ಲಿಗೆ ಮೊದಲ ಪೇಷಂಟ್ ಸಿಕ್ಕಂತಾಯಿತು.

ಆದರೆ ಹೊರಗಿನವರೊಬ್ಬರೂ ಬರಲಿಲ್ಲ. ಮಂಗಳವಾರಕ್ಕೊಮ್ಮೆ ಒಂದು ಕೋಣೆ, ಒಂದು ಬೋರ್ಡು, ಎರಡು ಕುರ್ಚಿ ಅಂತ ಕೊಟ್ಟಿದ್ದರು. ಹೆಂಗಸರು ಬೋರ್ಡು ಓದಿ, ಬಾಯಿಗೆ ಸೆರಗು ಹಿಡಿದು, ಹೋಗಿ ಬಿಪಿ ಸಾಲಿನಲ್ಲಿ ನಿಲ್ಲುತ್ತಿದ್ದರು. ಅಯ್ಯೋ, ನಾಲ್ಕು ಜನರೆದುರು ಹೇಳಿಕೊಳ್ಳುವ ಕಾಯಿಲೆಯೇ ಅದು?

ಸರಸಮ್ಮನ ಮನೆ ಹೊಂಗನೂರಿನಲ್ಲಿ. ದಿನಾ ಬೆಳಿಗ್ಗೆ ಅದೇ ಬಸ್ಸು. ಆ ಬಸ್ಸಿಗೆ ವಾರಕ್ಕೊಮ್ಮೆ ದೊಡ್ಡಲಕ್ಷ್ಮಮ್ಮ ಹತ್ತುತ್ತಿದ್ದಳು. ಅರವತ್ತೆಂಟರ ಗಟ್ಟಿಗಿತ್ತಿ, ರೇಷ್ಮೆ ಹುಳು ಸಾಕುವವಳು. ಸೀಟು ಖಾಲಿ ಬಿದ್ದಿದ್ದರೂ ಕಂಬಿ ಹಿಡಿದು ನಿಂತೇ ಹೋಗುತ್ತಿದ್ದಳು. ಹಟಮಾರಿ ಮುದುಕಿ ಅಂತಲೇ ಸರಸಮ್ಮ ತಿಳಿದಿದ್ದಳು. ತರಬೇತಿ ಆದ ಮೇಲೆ ಒಂದು ದಿನ ಸರಿಯಾಗಿ ನೋಡಿದಳು. ವಾರವಾರವೂ ಅದೇ ಕಡುನೀಲಿ ಸೀರೆ, ಒದ್ದೆಯಾದರೂ ಕಾಣದ ಬಣ್ಣ.

ಬಸ್ಸಿಳಿದ ಮೇಲೆ ಪಕ್ಕಕ್ಕೆ ಕರೆದಳು. "ದೊಡ್ಡವ್ವ, ಮಾಗಡಿಗೆ ಮಗಳ ಮನೆ ಕಡೆ ಹೋಗಿದ್ಯಾ?"

"ಎಲ್ಲಿ ಹೋಗ್ಲವ್ವ, ಎರಡು ವರ್ಸ ಆಯ್ತು. ಮಂಡಿ ನೋವು."

"ಮಂಡಿ ನೋವಿದ್ದೋರು ಖಾಲಿ ಸೀಟು ಬುಟ್ಟು ನಿಂತ್ಕತಾರಾ?"

ದೊಡ್ಡಲಕ್ಷ್ಮಮ್ಮ ಅತ್ತಿತ್ತ ನೋಡಿದಳು. ಕಣ್ಣು ತುಂಬಿ ಬಂತು. ಎರಡು ವರ್ಷದ ಹಿಂದೆ ಮಾಗಡಿ ಬಸ್ಸಿನಲ್ಲಿ ಅವಳು ಎದ್ದ ಸೀಟು ಒದ್ದೆಯಾಗಿತ್ತಂತೆ. ಅಲ್ಲಿ ಕೂರಲು ಬಂದ ಹೆಂಗಸು ಬಸ್ಸಿಗೆಲ್ಲ ಕೇಳುವಂತೆ ಛೀ ಅಂದಳಂತೆ. ಅವತ್ತಿನಿಂದ ಇವಳು ಬಸ್ಸಿನಲ್ಲಿ ಕೂತೇ ಇಲ್ಲ.

"ಈಗ ಮೊಮ್ಮಗಳು ಬಸ್ರಿ, ಐದು ತಿಂಗ್ಳು. ಮಗೂನ ತೊಟ್ಲಿಗೆ ಹಾಕೋ ದಿನ ನಾನಿರ್ಬೇಕು ಕಣವ್ವ. ಅಷ್ಟು ದೂರ ನಿಂತ್ಕಂಡು ಹೋಗಕ್ಕಾಯ್ತದಾ?"

ಆ ಮಂಗಳವಾರ ಎದುರು ಕುರ್ಚಿ ತುಂಬಿತು. ಡಾಕ್ಟರು ಪರೀಕ್ಷೆ ಮಾಡಿ ಬೇರೇನೂ ತೊಂದರೆಯಿಲ್ಲ ಎಂದರು. ಮಿಕ್ಕಿದ್ದನ್ನು ಸರಸಮ್ಮ ಕೆದಕಿದಳು. ಹುಳುಮನೆಯಿಂದ ಹೊರಗೆ ಹೋಗಿ ಬಂದರೆ, ಹುಳಕ್ಕೆ ರೋಗ ತಗಲದಂತೆ ಪ್ರತಿ ಸಲ ಔಷಧಿ ನೀರಲ್ಲಿ ಕೈಕಾಲು ತೊಳೆಯಬೇಕು. ಆ ರಗಳೆಯೇ ಬೇಡವೆಂದು ಮುದುಕಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ತಡೆದುಕೊಳ್ಳುತ್ತಿದ್ದಳು, ನೀರನ್ನೂ ಕುಡಿಯುತ್ತಿರಲಿಲ್ಲ.

"ನೀರು ಕುಡಿ, ಹೊತ್ತೊತ್ತಿಗೆ ಹೋಗಿ ಬಾ. ಆಮ್ಯಾಕೆ, ಹತ್ತು ಜನದ ಮಧ್ಯೆ ಹೂಸು ಬಂದ್ರೆ ಹೆಂಗೆ ಬಿಗಿ ಹಿಡೀತೀಯ? ಹಂಗೆ ಹಿಡಿ, ಐದು ಎಣಿಸು, ಬುಡು. ಹುಳಕ್ಕೆ ಸೊಪ್ಪು ಹಾಕ್ದಾಗೆಲ್ಲ ಹತ್ತು ಸಲ."

"ಥೂ, ಇದನ್ನ ಕಲಿಯಕ್ಕೆ ಬೆಂಗ್ಳೂರಿಗೆ ಹೋಗಿದ್ಯಾ!" ಎಂದು ದೊಡ್ಡಲಕ್ಷ್ಮಮ್ಮ ಬಿದ್ದು ಬಿದ್ದು ನಕ್ಕಳು.

ಒಂದೂವರೆ ತಿಂಗಳಾಯಿತು. ಏನೇನೂ ಗುಣ ಕಾಣಲಿಲ್ಲ. ಸರಸಮ್ಮನಿಗೆ ಒಳಗೊಳಗೇ ಭಯವಾಯಿತು. ದಿನಾ ಮಾಡಿದ್ಯಾ ಎಂದು ಕೇಳಿದಳು.

"ದೇವ್ರಾಣೆ ಮಾಡಿವ್ನಿ. ಹುಳ ಜ್ವರಕ್ಕೆ ಕುಂತಾಗ ಮಾತ್ರ ಬುಟ್ಟಿದ್ದೆ. ಗೂಡು ಕಟ್ಟಿದ್ ಮ್ಯಾಲೂ ಬುಟ್ಟೆ. ಸೊಪ್ಪೇ ಹಾಕಂಗಿಲ್ವಲ್ಲ!"

ಪೊರೆ ಕಳಚುವಾಗ ಹುಳು ಸೊಪ್ಪು ಮುಟ್ಟುವುದಿಲ್ಲ, ಅದಕ್ಕೇ ಜ್ವರ ಅನ್ನುತ್ತಾರೆ. ಒಂದು ಬೆಳೆ ಹುಳುವಿಗೆ ನಾಲ್ಕು ಜ್ವರ, ಆಮೇಲೆ ಹುಳುಮನೆ ತೊಳೆಯುವ ದಿನಗಳು. ಅಷ್ಟೂ ದಿನ ಮುದುಕಿಗೂ ರಜಾ! ಸರಸಮ್ಮ ಹಣೆ ಚಚ್ಚಿಕೊಂಡಳು. ಸೊಪ್ಪಿಗೆ ಗಂಟು ಹಾಕಿದವಳು ತಾನೇ ತಾನೆ, ಇನ್ನು ಯಾರನ್ನು ಬೈಯುವುದು?

"ಹುಳಕ್ಕೆ ಜ್ವರ ಬಂದ್ರೆ ನಿಂಗೂ ಬತ್ತದಾ ದೊಡ್ಡವ್ವ? ನೀನು ದಿನಾ ಮುದ್ದೆ ಉಣ್ತೀಯಲ್ಲ? ಮೂರು ಹೊತ್ತೂ ಉಣ್ಣಕ್ಕೆ ಮುಂಚೆ ಮಾಡು."

ಮೂರನೇ ಬೆಳೆ ಮುಗಿಯುವ ಹೊತ್ತಿಗೆ ಮಾಗಡಿಯಲ್ಲಿ ಮಗು ಹುಟ್ಟಿತು. ತೊಟ್ಟಿಲ ಶಾಸ್ತ್ರದ ಬೆಳಿಗ್ಗೆ ದೊಡ್ಡಲಕ್ಷ್ಮಮ್ಮ ಬಸ್ಸು ಹತ್ತಿದಳು. ಮೈಮೇಲೆ ತಿಳಿ ಹಳದಿ ಸೀರೆ. ಅಭ್ಯಾಸಬಲದಿಂದ ಕಂಬಿ ಹಿಡಿದಳು. ಸರಸಮ್ಮ ಕಂಡೂ ಕಾಣದವಳಂತೆ ಕಿಟಕಿಯಾಚೆ ನೋಡುತ್ತ ಕೂತಳು. ಎರಡು ಸ್ಟಾಪು ಕಳೆದ ಮೇಲೆ ಮುದುಕಿ ಮೆಲ್ಲಗೆ ಕೂತಳು.

ಚನ್ನಪಟ್ಟಣದಲ್ಲಿ ಎದ್ದವಳೇ ತಿರುಗಿ ಸೀಟನ್ನು ಅಂಗೈಯಲ್ಲಿ ಸವರಿದಳು.

"ಸಿಸ್ಟ್ರವ್ವಾ! ಸೀಟು ಒಣಗೇ ಐತೆ ಕಣವ್ವಾ!"

ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಸರಸಮ್ಮನಿಗೆ ನಗುವೋ ಅಳುವೋ ತಿಳಿಯಲಿಲ್ಲ. ಇಳಿಯುವಾಗ ಇಬ್ಬರು ಹೆಂಗಸರು ಅವಳ ಪಕ್ಕಕ್ಕೆ ಸರಿದು, ಮಂಗಳವಾರ ಎಷ್ಟೊತ್ತಿಗೆ ಬರಬೇಕು ಸಿಸ್ಟರ್ ಎಂದು ಮೆತ್ತಗೆ ಕೇಳಿದರು. ಅವರಿಗೆ ಹೊತ್ತು ಹೇಳಿ ತಿರುಗುವಷ್ಟರಲ್ಲಿ ದೊಡ್ಡಲಕ್ಷ್ಮಮ್ಮ ಮಾಗಡಿ ದಾರಿಯ ರಾಮನಗರದ ಬಸ್ಸು ಹತ್ತಿ, ಕಿಟಕಿ ಪಕ್ಕದ ಸೀಟು ಹಿಡಿದು ಕೂತಾಗಿತ್ತು.