ಬ್ರೂಟಲಿಸ್ಟ್ ತೂಗುಕುರ್ಚಿಯ ಮುನಿಯಲ್ಲಪ್ಪ

ಮಾಲೂರು ರೈಲ್ವೆ ಗೇಟಿನ ಪಕ್ಕ ಹಳೇ ಮರದ ಸಾಮಾನು ಮಾರುವ ಮುನಿಯಲ್ಲಪ್ಪ, ಸತ್ತವರ ಮಂಚವನ್ನು ಮದುವೆಮನೆಗೆ ಸಾಗಿಸಿ ಅಕ್ಷತೆಯನ್ನೂ ಹಾಕಿ ಬರುವಂಥ ಗಟ್ಟಿಗ. ಬೆಂಗಳೂರಿನವರು ಹುಡುಕಿಕೊಂಡು ಬರುವುದು ಅವನ ತೂಗುಕುರ್ಚಿಗೆ. ದಿಮ್ಮಿಯಂಥ ಕೈ, ತೊಲೆಯಂಥ ಕಾಲು, ಉಜ್ಜಿ ನುಣುಪು ಮಾಡದ ಮೈ. "ಬ್ರೂಟಲಿಸ್ಟ್ ಸ್ವಾಮಿ, ಒರಟೇ ಇದ್ರ ಚೆಂದ, ಹಳೇ ಕಾಲದ್ದು. ಆನೆ ಕೂತ್ರೂ ಜಪ್ಪಯ್ಯ ಅನ್ನಲ್ಲ" ಎಂದು ಅವರಿಂದ ಕಲಿತ ಮಾತನ್ನು ಅವರಿಗೇ ಒಪ್ಪಿಸುತ್ತಾನೆ. ಕುರ್ಚಿಯನ್ನು ಮಾತ್ರ ಕೊಡುವುದಿಲ್ಲ. ಕೊಳ್ಳುತ್ತೇವೆ ಎಂದರೆ ಕಾಲು ಸಡಿಲ ಎನ್ನುತ್ತಾನೆ. ಸಡಿಲವಾದರೂ ಸರಿ ಎಂದರೆ ಗೆದ್ದಲು ಹತ್ತಿದೆ ಎನ್ನುತ್ತಾನೆ. ಅದಕ್ಕೂ ಜಗ್ಗದವರಿಗೆ, "ನಿಜ ಹೇಳ್ಬಿಡ್ತೀನಿ ಸ್ವಾಮಿ, ಇದ್ರಲ್ಲಿ ದೆವ್ವ ಐತೆ." ಹೆಂಡತಿ ಅಕ್ಕಯಮ್ಮ ದಿನಾ ಬೆಳಿಗ್ಗೆ ರೇಗುತ್ತಾಳೆ: "ಈ ಗೊಡ್ಡೆಮ್ಮೆನ ಯಾವತ್ತಯ್ಯಾ ಸಾಗಾಕೋದು? ಅರ್ಧ ಅಂಗಡಿ ಇದೇ ತಿಂತೈತೆ!" ಅವನು, "ಗಿರಾಕಿ ಬರ್ಲಿ ಇರೇ" ಎನ್ನುತ್ತಾನೆ. ಇಟ್ಟಿಗೆ ಸುಡುವ ಗೂಡಿನಲ್ಲಿ ಹೊರೆ ಹೊತ್ತು ಹೊತ್ತು ಸೆಟೆದುಹೋದ ಅವಳ ಬೆನ್ನಿಗೆ ಚಾಪೆಯೂ ಒಗ್ಗದು, ಮಂಚವೂ ಒಗ್ಗದು. ಮಧ್ಯಾಹ್ನ ಮುದ್ದೆ ಉಂಡು, "ಒಂದ್ಗಳಿಗೆ ಕೂರ್ತೀನಿ" ಎಂದು ಆ ಕುರ್ಚಿಗೆ ಒರಗಿದರೆ ಮಾತ್ರ ನಿದ್ದೆ. ಆ ಹೊತ್ತಿನಲ್ಲಿ ಯಾರೇ ಬರಲಿ, ಮುನಿಯಲ್ಲಪ್ಪ ಪಿಸುದನಿಯಲ್ಲೇ ಚೌಕಾಸಿ ಮಾಡುತ್ತಾನೆ, ಒಂದು ಪಾದವನ್ನು ಕುರ್ಚಿಯ ಬಾಗಿದ ಅಡಿಪಟ್ಟಿಯ ಮೇಲಿಟ್ಟು ಮೆಲ್ಲಗೆ ತೂಗುತ್ತಾ.