ಅತ್ತಿಗೆ ಕಟ್ಟಿದ ಎರಡಂತಸ್ತಿನ ವಿಮಾನ

ಹಿರಿಯೂರಿನ ಅಣ್ಣನ ಮನೆಯಲ್ಲಿ ಅತ್ತಿಗೆ ನನಗೆ ಚಹಾ ಕೊಟ್ಟರು. ಲೋಟಕ್ಕಲ್ಲ, ಪ್ಯಾಂಟಿಗೆ.

ಲೋಟವನ್ನು ನಾನೇ ಹಿಡಿದಿದ್ದೆ. ಅತ್ತಿಗೆ ಪಾತ್ರೆ ಬಗ್ಗಿಸಿದರು. ಚಹಾ ಲೋಟದ ಅಂಚಿನಿಂದ ಎರಡು ಬೆರಳು ಆಚೆ, ಯಾವ ಹಿಂಜರಿಕೆಯೂ ಇಲ್ಲದೆ, ಧಾರಾಳವಾಗಿ ಇಳಿಯಿತು. ನಾನು ಕುಣಿದೆ. ಅಣ್ಣ ರುದ್ರೇಶ ಓಡಿ ಬಂದು ಪಾತ್ರೆ ಕಿತ್ತುಕೊಂಡ.

'ಸುಮ್ನೆ ಕುಂತ್ಕ ಅಂತ ಹೇಳಿರ್ಲಿಲ್ವೇನೇ ನಿನಗೆ? ನಾನು ಕೊಡ್ತಿದ್ನಪ್ಪ!'

ಅತ್ತಿಗೆ ಒಳಗೆ ಹೋಗಿ ಒದ್ದೆ ಬಟ್ಟೆ ತಂದರು. ಅದನ್ನು ಕೊಡುವಾಗಲೂ ನನ್ನ ಕೈ ಎಲ್ಲಿದೆ ಎಂದು ಗಾಳಿಯಲ್ಲಿ ಒಂದು ಕ್ಷಣ ತಡಕಿದರು. ನನಗೆ ಚಹಾದ ಬಿಸಿಗಿಂತ ಆ ತಡಕಾಟವೇ ಹೆಚ್ಚು ಸುಟ್ಟಿತು.

ಯಾಕೆ ಅಂತ ಹೇಳುತ್ತೇನೆ. ನನ್ನ ಅತ್ತಿಗೆ ನಿರ್ಮಲಾ ಹಿರಿಯೂರಿನ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್. ಪರೀಕ್ಷೆಗೆ ರಕ್ತ ತೆಗೆಯುವವರು. ರಕ್ತನಾಳ ಸಿಗದ ಕೈಗಳೆಲ್ಲ ಅವರ ಪಾಲಿಗೇ ಬರುತ್ತಿದ್ದವು. ಆದಿವಾಲದ ಕಡೆಯ ಅಜ್ಜಿಯರು 'ನಿರ್ಮಲಮ್ಮ ಬಂದ್ರೇನೆ ಕೈ ಕೊಡೋದು' ಎಂದು ಹಟ ಹಿಡಿದು ಬೆಂಚಿನ ಮೇಲೆ ಕೂರುತ್ತಿದ್ದರಂತೆ. ಅಂಥ ಕೈ ಅದು.

ಹೋದ ವರ್ಷ ಅವರ ಬಲಗಣ್ಣಿನ ಒಳಪರದೆ, ಅಂದರೆ ರೆಟಿನಾ, ಬಿಚ್ಚಿಕೊಂಡಿತು. ಆಪರೇಷನ್ ಆಯಿತು. ಮತ್ತೊಂದೂ ಆಯಿತು. ಡಾಕ್ಟರುಗಳು ಕೈಲಾದದ್ದನ್ನೆಲ್ಲ ಮಾಡಿದರು. ಆ ಕಣ್ಣಿಗೆ ದೃಷ್ಟಿ ಮಾತ್ರ ಬರಲಿಲ್ಲ. ಎಡಗಣ್ಣು ಚೆನ್ನಾಗಿದೆ, ಸೂಜಿಯ ಕಣ್ಣನ್ನೂ ಕಾಣುತ್ತದೆ. ಮತ್ತೆ ತೊಂದರೆ ಏನು? ವಸ್ತು ಕಾಣುತ್ತದೆ, ಅದು ಎಷ್ಟು ದೂರದಲ್ಲಿದೆ ಎಂದು ತಿಳಿಯುವುದಿಲ್ಲ. ಅಷ್ಟೇ. ಆದರೆ ಆ 'ಅಷ್ಟೇ' ಒಳಗೆ ಚಹಾ ಇದೆ, ಮೆಟ್ಟಿಲು ಇದೆ, ಸ್ಕೂಟರ್ ಇದೆ, ರಕ್ತ ತೆಗೆಯುವ ಸೂಜಿಯೂ ಇದೆ.

(ನಂಬಿಕೆ ಬರದಿದ್ದರೆ ಒಂದು ಕಣ್ಣು ಮುಚ್ಚಿ, ಎರಡು ಪೆನ್ನುಗಳ ತುದಿಯನ್ನು ಒಂದಕ್ಕೊಂದು ತಾಗಿಸಿ ನೋಡಿ. ನಾನು ಕಾಯುತ್ತೇನೆ.)

ಲ್ಯಾಬಿನ ಒಡತಿ ಡಾಕ್ಟರ್ ಜಬೀನ್ ಮೇಡಂ ಒಳ್ಳೆಯವರು. ಅತ್ತಿಗೆಯನ್ನು ಕೆಲಸದಿಂದ ತೆಗೆಯಲಿಲ್ಲ. ಮುಂದಿನ ಕೌಂಟರಿನಲ್ಲಿ ಕೂರಿಸಿ, ಹೆಸರು ಬರೆದುಕೊಳ್ಳುವ ಕೆಲಸ ಕೊಟ್ಟರು. ಸಂಬಳವೂ ಮೊದಲಿನಷ್ಟೇ. ಮನೆಯಲ್ಲಿ ಅಣ್ಣ ತರಕಾರಿ ಹೆಚ್ಚತೊಡಗಿದ. ಪಕ್ಕದ ಮನೆಯವರು ಬಟ್ಟೆ ಒಣಹಾಕಿ ಹೋಗುತ್ತಿದ್ದರು. ಎಲ್ಲರ ಬಾಯಲ್ಲೂ ಒಂದೇ ಮಾತು: ಪಾಪ.

ಈ 'ಪಾಪ' ಎಂಬ ಪದದ ಮೇಲೆ ನನಗೆ ಈಚೆಗೆ ಅನುಮಾನ ಬಂದಿದೆ. ಪಾಪ ಅಂದವರು ಮೊದಲು ಮಾಡುವ ಕೆಲಸ ಏನು ಹೇಳಿ? ನಿಮ್ಮ ಕೈಯಲ್ಲಿರುವುದನ್ನು ಇಸಿದುಕೊಳ್ಳುವುದು.

ಇನ್ನು ವಿಮಾನದ ವಿಚಾರಕ್ಕೆ ಬರುತ್ತೇನೆ. ನಲವತ್ತೈದು ದಾಟಿದ ಗಂಡಸರಿಗೆ ಹಾಬಿ ಎಂಬ ಕಾಯಿಲೆ ಬರುತ್ತದೆ. ಕೆಲವರು ಗೇರ್ ಸೈಕಲ್ ತರುತ್ತಾರೆ, ಕೆಲವರು ಗಿಟಾರ್. ನಾನು ಆನ್‌ಲೈನ್‌ನಲ್ಲಿ ವಿಮಾನ ತರಿಸಿದೆ. ಪ್ಲಾಸ್ಟಿಕ್ ಕಿಟ್. ಟೈಗರ್ ಮಾತ್ ಎಂಬ ಹಳೇ ಕಾಲದ ತರಬೇತಿ ವಿಮಾನದ ಪುಟ್ಟ ಮಾದರಿ. ಅದಕ್ಕೆ ರೆಕ್ಕೆಗಳು ಒಂದರ ಮೇಲೊಂದು, ಎರಡು ಅಂತಸ್ತು. ನಡುವೆ ಬೆಂಕಿಕಡ್ಡಿಗಿಂತ ಸಣ್ಣ ಕಂಬಗಳು. ಎಲ್ಲ ಬಿಡಿಭಾಗಗಳೂ ಒಂದು ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡಿರುತ್ತವೆ. ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಹಚ್ಚಬೇಕು. ನಾನು ಡಬ್ಬಿ ತೆರೆದೆ. ನೋಡಿದೆ. ಮುಚ್ಚಿದೆ.

ಅಣ್ಣನಿಗೆ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇದೆ. ವಿಮಾನವೂ ಒಂದು ಯಂತ್ರವಲ್ಲವೇ ಎಂದು ಮುಂದಿನ ಸಲ ನಾನಿರುವ ದುರ್ಗದಿಂದ ಹಿರಿಯೂರಿಗೆ ಬಸ್ಸು ಹತ್ತುವಾಗ ಡಬ್ಬಿಯನ್ನೂ ಒಯ್ದೆ. ಅಣ್ಣ ಒಂದು ಚಕ್ರವನ್ನು ಕೈಗೆ ತೆಗೆದುಕೊಂಡ. ಅದು ಜಾರಿ ಬಿತ್ತು. ಇಬ್ಬರೂ ನೆಲದ ಮೇಲೆ ಹುಡುಕಿ ತೆಗೆದೆವು. 'ಲೇ, ಇದು ಮನುಷ್ಯರು ಮಾಡೋ ಕೆಲ್ಸ ಅಲ್ಲ' ಎಂದು ಎದ್ದು ಹೋದ.

ಅತ್ತಿಗೆ ಡಬ್ಬಿಯ ಮುಚ್ಚಳ ಹಿಡಿದು ಚಿತ್ರವನ್ನೇ ನೋಡುತ್ತಿದ್ದರು.

'ಈ ರೆಕ್ಕೆ ಮೇಲೆ ಆ ರೆಕ್ಕೆ ಕೂರಿಸ್ಬೇಕೇನು?'

'ಹೂಂ.'

'ನಡುವೆ ಎಷ್ಟು ಜಾಗ ಐತೆ ಅಂತ ಹೆಂಗೆ ಗೊತ್ತಾಗ್ತದೆ?'

'ಕಣ್ಣಳತೆ' ಎಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅತ್ತಿಗೆ ನಕ್ಕರು. 'ಇಲ್ಲೇ ಇಟ್ಟು ಹೋಗು' ಎಂದರು.

ಮೊದಲ ವಾರಗಳು ಚೆನ್ನಾಗಿರಲಿಲ್ಲ. ಫೋನಿನಲ್ಲಿ ಅಣ್ಣನ ದೂರು ಬರುತ್ತಿತ್ತು. ಬೆರಳು ಕುಯ್ದುಕೊಂಡಿದ್ದಾಳೆ, ಅಂಟು ಮೇಜಿನ ತುಂಬ ಚೆಲ್ಲಿದ್ದಾಳೆ, ನಿನ್ನಿಂದಲೇ ಇದೆಲ್ಲ. ಒಂದು ದಿನ ಬ್ಲೇಡು, ಚಿಮಟ ಎಲ್ಲವನ್ನೂ ಬೀರುವಿನಲ್ಲಿಟ್ಟು ಬೀಗ ಹಾಕಿದ್ದನಂತೆ. ಅತ್ತಿಗೆ ಜಗಳವಾಡಲಿಲ್ಲ. ಅವನೆದುರು ಕೂತು, 'ಹಂಗಾರೆ ನಾನು ಕೌಂಟರಾಗೇ ಕುಂತು ಹೆಸರು ಬರೀತಾ ಇರ್ಲೇನ್ರಿ?' ಎಂದು ಕೇಳಿದರಂತೆ. ಅಣ್ಣ ಬೀಗದ ಕೈ ತಂದು ಮೇಜಿನ ಮೇಲಿಟ್ಟ.

ನಾನು ಮತ್ತೆ ಹೋದಾಗ ವಿಮಾನಕ್ಕೆ ಎರಡೂ ರೆಕ್ಕೆ ಬಂದಿದ್ದವು. ಹಳದಿ ಬಣ್ಣ ಹಚ್ಚಿಯಾಗಿತ್ತು. ನಾನು ನಿಜವಾಗಿ ಬೆರಗಾದೆ. 'ಸೂಪರ್ ಅತ್ತಿಗೆ!' ಎಂದೆ. ಅವರು ಮೇಲಿನ ರೆಕ್ಕೆಯ ಅಂಚಿನ ಮೇಲೆ ಬೆರಳು ಆಡಿಸಿ, 'ಸೊಟ್ಟ ಐತೆ' ಎಂದು ಚಟಕ್ಕನೆ ಕಿತ್ತರು.

'ಅಯ್ಯೋ! ಯಾರಿಗೂ ಗೊತ್ತಾಗ್ತಿರ್ಲಿಲ್ಲ!'

'ನೋಡೋರಿಗೆ ಅಲ್ಲ ಕಣಪ್ಪ. ಅಂಟಿಸ್ದಾಗ ನೇರ ಐತೆ ಅಂತ್ಲೇ ನನಗೆ ಅನ್ಸಿತ್ತು. ಕಣ್ಣು ಸುಳ್ಳು ಹೇಳ್ತು, ಬೆರಳು ನಿಜ ಹೇಳ್ತು. ಈ ಕಣ್ಣು ಎಲ್ಲೆಲ್ಲಿ ಸುಳ್ಳು ಹೇಳ್ತದೆ ಅಂತ ನಾನು ತಿಳ್ಕಬೇಕಲ್ಲ?'

ಆಗ ನನಗೆ ಅರ್ಥವಾಯಿತು. ಅವರು ಆಟಿಕೆ ಮಾಡುತ್ತಿರಲಿಲ್ಲ. ಕಳೆದುಹೋದ ಒಂದು ಅಳತೆಯನ್ನು ಹುಡುಕುತ್ತಿದ್ದರು. ಕೆಳಗಿನ ರೆಕ್ಕೆಯ ಎರಡೂ ಬದಿ ಬೆಂಕಿಪೊಟ್ಟಣಗಳನ್ನು ಸಮನಾಗಿ ಪೇರಿಸಿ, ಮೇಲಿನ ರೆಕ್ಕೆಯನ್ನು ಅದರ ಮೇಲೆ ಮಲಗಿಸಿ, ಕಂಬಗಳನ್ನು ಒಂದೊಂದಾಗಿ ನಿಲ್ಲಿಸಿದರು. ತಲೆಯನ್ನು ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಆಡಿಸುತ್ತಿದ್ದರು. ಹಾಗೆ ಆಡಿಸಿದಾಗ ಹತ್ತಿರದ್ದು ಹೆಚ್ಚು ಸರಿಯುತ್ತದೆ, ದೂರದ್ದು ಕಡಿಮೆ ಸರಿಯುತ್ತದೆ ಎಂದು ತಾವೇ ಕಂಡುಕೊಂಡಿದ್ದರು.

ಕಿಟ್ ಅಲ್ಲಿಗೆ ಮುಗಿಯಿತು. ಅತ್ತಿಗೆಗೆ ಮುಗಿಯಲಿಲ್ಲ.

'ಪೆಟ್ಟಿಗೆ ಮೇಲಿನ ಚಿತ್ರದಾಗೆ ರೆಕ್ಕೆ ನಡುವೆ ತಂತಿ ಅವೆ. ಒಳಗೆ ಕೊಟ್ಟೇ ಇಲ್ಲ.'

ನಿಜ. ಅಸಲಿ ವಿಮಾನದಲ್ಲಿ ಎರಡು ರೆಕ್ಕೆಗಳನ್ನು ಬಿಗಿದು ಹಿಡಿಯುವುದೇ ಆ ಓರೆ ತಂತಿಗಳು. ಈ ಅಳತೆಯಲ್ಲಿ ಅವು ಕೂದಲಿನಷ್ಟು ಸಣ್ಣ. ಆದ್ದರಿಂದ ಕಿಟ್ ಮಾಡಿದವರು ಅದನ್ನು ನಮ್ಮ ಪುಣ್ಯಕ್ಕೆ ಬಿಟ್ಟಿದ್ದರು. ಬಿಡಿ ಅತ್ತಿಗೆ, ಇಷ್ಟೇ ಸಾಕು ಎಂದೆ. ಅವರು ಬಿಡುವವರೇ?

ಮೊದಲು ಸಣ್ಣಪುಟ್ಟ ಸುಧಾರಣೆ. ಪೈಲಟ್ ಮುಂದಿನ ಗಾಜು ಕಿಟ್ಟಿನಲ್ಲಿ ಸೋಡಾ ಬಾಟಲಿಯ ತಳದಷ್ಟು ದಪ್ಪವಿತ್ತು. ಅದನ್ನು ಎಸೆದು, ಬಳೆ ಡಬ್ಬಿಯ ಪಾರದರ್ಶಕ ಮುಚ್ಚಳದಿಂದ ಹೊಸದು ಕತ್ತರಿಸಿದರು. ಸೀಟುಗಳಿಗೆ ಬೆಲ್ಟ್ ಇರಲಿಲ್ಲ. ತಮ್ಮದೇ ಮಾತ್ರೆ ಪಟ್ಟಿಯ ಬೆಳ್ಳಿ ಹಾಳೆಯನ್ನು ಸೀಳಿ, ಬಣ್ಣ ಹಚ್ಚಿ ಮಡಚಿದರು. ರೆಕ್ಕೆಯ ಹಿಂದಿನ ಅಂಚು ದೋಸೆಯ ಹಾಗೆ ದಪ್ಪವಿತ್ತು. ಉಗುರು ಉಜ್ಜುವ ಅರದಿಂದ ತೀಡಿ ತೀಡಿ ಹಾಳೆಯಷ್ಟು ತೆಳ್ಳಗೆ ಮಾಡಿದರು.

ತಂತಿಗೆ ನಾನೂ ಸ್ವಲ್ಪ ಉಪಕಾರ ಮಾಡಿದೆ. (ಒಂದು ವೀಡಿಯೊ ತೋರಿಸಿದೆ.) ಉಳಿದ ಪ್ಲಾಸ್ಟಿಕ್ ಚೌಕಟ್ಟಿನ ಕಡ್ಡಿಯನ್ನು ಮೇಣದಬತ್ತಿಯ ಮೇಲೆ ಮೆತ್ತಗೆ ಮಾಡಿ ಎಳೆದರೆ ಪಾಕದ ಹಾಗೆ ಎಳೆ ಬರುತ್ತದೆ. ನಾನು ಎಳೆದದ್ದು ತುಂಡಾಯಿತು. ಅತ್ತಿಗೆ ಎಳೆದದ್ದು ಕೋಣೆಯ ಉದ್ದಕ್ಕೂ ಬಂತು.

ಆದರೆ ಎಳೆಯನ್ನು ಎರಡು ರೆಕ್ಕೆಗಳ ನಡುವೆ ಕೂರಿಸುವುದು ಹೇಗೆ? ಚಿಮಟದಲ್ಲಿ ಹಿಡಿದ ತುದಿ ರೆಕ್ಕೆಗೆ ತಾಗಿತೋ, ಇನ್ನೂ ಗಾಳಿಯಲ್ಲಿದೆಯೋ ಅವರಿಗೆ ತಿಳಿಯುತ್ತಿರಲಿಲ್ಲ. ಇಲ್ಲಿ ಬೆರಳು ನುಗ್ಗುವುದಿಲ್ಲ. ತಲೆ ಆಡಿಸಿದರೆ ಕೈ ಅಲುಗುತ್ತದೆ. ಎಳೆಗಳು ಬಾಗಿದವು, ಮುರಿದವು, ಅಂಟಿನಲ್ಲಿ ಮುಳುಗಿದವು. ಒಂದು ಭಾನುವಾರ ನಾನಿರುವಾಗಲೇ ಚಿಮಟ ಕೆಳಗಿಟ್ಟು, 'ಇದು ನನ್ನ ಕೈಲಿ ಆಗಲ್ಲ ಬಿಡು' ಎಂದರು. ಜೋರಾಗಿ ಅಲ್ಲ. ಅಂಗಡಿ ಮುಚ್ಚಿದ ಹಾಗೆ, ತಣ್ಣಗೆ. ಅಣ್ಣ ಎದ್ದು ಹೊರಗೆ ಹೋಗಿ ನಿಂತ.

ಅತ್ತಿಗೆ ಮಾತ್ರ ಎದ್ದು ಹೋಗಲಿಲ್ಲ. ಪೂರ್ವದ ಕಿಟಕಿಯಿಂದ ಬಿಸಿಲು ಓರೆಯಾಗಿ ಮೇಜಿನ ಮೇಲೆ ಬಿದ್ದಿತ್ತು. ಯಾಕೋ ಮತ್ತೆ ಎಳೆಯನ್ನೆತ್ತಿ ರೆಕ್ಕೆಯ ಹತ್ತಿರ ಒಯ್ದರು. ಆಮೇಲೆ ಹಿಂದಕ್ಕೆ. ಮತ್ತೆ ಹತ್ತಿರ.

'ಇಲ್ಲಿ ನೋಡು' ಎಂದರು. 'ನೆಳ್ಳು.'

ಹಳದಿ ರೆಕ್ಕೆಯ ಮೇಲೆ ಎಳೆಯ ನೆರಳು ಬಿದ್ದಿತ್ತು. ಎಳೆ ಹತ್ತಿರ ಬಂದಂತೆ ನೆರಳೂ ಅದರ ಕಡೆ ಓಡಿ ಬರುತ್ತಿತ್ತು. ಎಳೆಯ ತುದಿ, ನೆರಳಿನ ತುದಿ ಕೂಡಿದ ಜಾಗವೇ ರೆಕ್ಕೆ. ಅದನ್ನು ಕಾಣಲು ಎರಡು ಕಣ್ಣು ಬೇಕಿಲ್ಲ. ಒಂದು ಸಾಕು, ಒಂದು ಬೆಳಕು ಸಾಕು.

ಅತ್ತಿಗೆ ಉಸಿರು ಬಿಗಿಹಿಡಿದು ಎಳೆಯನ್ನು ಇಳಿಸಿದರು. ನೆರಳು ಬಂತು. ಕೂಡಿತು. ಅಂಟಿನ ಚುಕ್ಕಿಯ ಮೇಲೆ ತುದಿ ಕೂತುಕೊಂಡಿತು. ಕೈ ಬಿಟ್ಟರು. ನಿಂತಿತು!

ನಾನು ಕಿರುಚಿದ್ದು ಕೇಳಿ ಅಣ್ಣ ಏನೋ ಅನಾಹುತವಾಯಿತೆಂದು ಓಡಿ ಬಂದ. ಅವನಿಗೆ ತೋರಿಸಿದೆವು. ಅವನು ಬಗ್ಗಿ ನೋಡಿದ, ಕನ್ನಡಕ ತೆಗೆದು ನೋಡಿದ. ಹೋಗಿ ಫ್ಯಾನ್ ಆರಿಸಿದ. ಗಾಳಿಗೆ ಎಳೆ ಅಲುಗಬಾರದಲ್ಲ. ಹಿರಿಯೂರಿನ ಬೇಸಿಗೆ ಗೊತ್ತಿದ್ದವರಿಗೆ ಅದು ಎಂಥ ತ್ಯಾಗ ಅಂತ ಬಿಡಿಸಿ ಹೇಳಬೇಕಿಲ್ಲ. ಮುಂದಿನ ವಾರಗಳಲ್ಲೂ ಅತ್ತಿಗೆ ಟೇಬಲ್ ಲ್ಯಾಂಪನ್ನು ಪಕ್ಕಕ್ಕಿಟ್ಟುಕೊಂಡು ಕೂತಾಗಲೆಲ್ಲ ಅವನು ಬನಿಯನ್ ಒದ್ದೆ ಮಾಡಿಕೊಂಡು ಎದುರಿಗೆ ಕೂರುತ್ತಿದ್ದ. ಅವರಿಬ್ಬರ ಮದುವೆಯಲ್ಲಿ ನಾನು ನೋಡಿದ ಅತ್ಯಂತ ಪ್ರೀತಿಯ ದೃಶ್ಯ ಇದು.

ಎಲ್ಲ ತಂತಿಗಳೂ ಆದವು, ಒಂದನ್ನು ಬಿಟ್ಟು. 'ಅದೊಂದ್ಯಾಕೆ ಬಿಟ್ರಿ?' ಎಂದೆ. 'ಐತೆ ಅದಕ್ಕೊಂದು ಕೆಲ್ಸ' ಎಂದರು.

ಆ ಕೆಲಸ ಲ್ಯಾಬಿನಲ್ಲಿತ್ತು. ವಿಮಾನವನ್ನು ಸ್ವೀಟ್ ಡಬ್ಬಿಯಲ್ಲಿಟ್ಟುಕೊಂಡು ಅತ್ತಿಗೆ ಜಬೀನ್ ಮೇಡಂ ಮೇಜಿನ ಮುಂದೆ ನಿಂತರು. ಹಿಂದೆ ಅಣ್ಣ, ನಾನು.

'ಮೇಡಂ, ನಾನು ಮತ್ತೆ ರಕ್ತ ತೆಗೀತೀನಿ.'

'ನಿರ್ಮಲಾ, ನಿನ್ನ ಮೇಲೆ ನನಗೆ ಎಷ್ಟು ಪ್ರೀತಿ ಐತೆ ಅಂತ ನಿನಗೆ ಗೊತ್ತು. ಆದ್ರೆ ಪೇಷಂಟ್ ಕೈ ನನ್ನ ಜವಾಬ್ದಾರಿ.'

'ಅದಕ್ಕೇ ಬಂದಿರೋದು. ನೋಡಿ ಹೇಳ್ರಿ.'

ಡಬ್ಬಿ ತೆರೆದರು. ಮೇಡಂ ಬಾಯಿಂದ 'ಮಾಷಾ ಅಲ್ಲಾ' ಎಂದು ಬಂತು. ಅತ್ತಿಗೆ ಮೇಜಿನ ದೀಪವನ್ನು ಪಕ್ಕಕ್ಕೆ ಎಳೆದರು. ಚಿಮಟ ತೆಗೆದರು. ಉಳಿಸಿದ್ದ ಆ ಒಂದು ಎಳೆಯನ್ನು, ಆಗಲೇ ಹಾಕಿದ್ದ ತಂತಿಗಳ ಸಂದಿಯಲ್ಲಿ ತೂರಿಸಿ, ಮೇಲಿನ ರೆಕ್ಕೆಯಿಂದ ಕೆಳಗಿನ ರೆಕ್ಕೆಗೆ ಓರೆಯಾಗಿ ಕೂರಿಸಿದರು. ಪಕ್ಕದ ಒಂದು ತಂತಿಯೂ ಅಲುಗಲಿಲ್ಲ.

ಮೇಡಂ ಭೂತಗನ್ನಡಿ ತಂದು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಟೆಕ್ನಿಷಿಯನ್‌ಗಳಿಗೆ ಕಲಿಸಲು ಇಟ್ಟಿದ್ದ ರಬ್ಬರ್ ತೋಳನ್ನು ಕಪಾಟಿನಿಂದ ಇಳಿಸಿದರು. 'ಮೊದ್ಲು ಇದು. ನನಗೆ ಧೈರ್ಯ ಬರೋವರ್ಗೂ ಇದೇ. ಆಯ್ತಾ?'

ಮೇಡಂಗೆ ಧೈರ್ಯ ಬಂದದ್ದು ಈ ತಿಂಗಳು. ಅಣ್ಣ ಫೋನ್ ಮಾಡಿ ಬಾ ಎಂದ. ಯಾಕೆ ಎಂದು ಹೇಳಲಿಲ್ಲ. ಹೋದೆ. ಬೆಳಗಿನ ಹೊತ್ತು, ಲ್ಯಾಬಿನ ಬೆಂಚಿನ ತುಂಬ ಸಕ್ಕರೆ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬಂದವರು. ಜವನಗೊಂಡನಹಳ್ಳಿಯಿಂದ ಮೊದಲ ಬಸ್ಸಿಗೇ ಬಂದ ಅಜ್ಜಿಯೊಬ್ಬರು ಆಗಲೇ ಬಾಗಿಲಿಗೆ ಒರಗಿ ನಿಂತಿದ್ದರು.

'ಮೊದ್ಲು ಯಾರ ಕೈ?' ಮೇಡಂ ಕೇಳಿದರು.

ನಾನು ಅಣ್ಣನನ್ನು ನೋಡಿದೆ. ಅವನು ನನ್ನನ್ನು ನೋಡುತ್ತಿದ್ದ.

'ನಂದು ಬ್ಯಾಡ ಮೇಡಂ. ನೋವಾದ್ರೂ ನಾನು ಇಲ್ಲ ಅಂತೀನಿ. ಇವಂದು ತಗಳ್ರಿ. ಇವನಿಗೆ ಸೂಜಿ ಅಂದ್ರೆ ಜೀವ ಹೋಗ್ತದೆ. ಒಂಚೂರು ತಪ್ಪಾದ್ರೂ ಊರಿಗೆ ಕೇಳಂಗೆ ಕೂಗ್ತಾನೆ.'

ಇದಕ್ಕಿಂತ ನಿಷ್ಪಕ್ಷಪಾತ ಪರೀಕ್ಷೆ ಉಂಟೇ?

ಕೂತೆ. ತೋಳು ಚಾಚಿದೆ. ಅತ್ತಿಗೆ ಪಟ್ಟಿ ಬಿಗಿದರು, ಮುಷ್ಟಿ ಕಟ್ಟು ಎಂದರು. ಅವರ ಬೆರಳು ನನ್ನ ಮೊಣಕೈಯ ಒಳಬದಿಯಲ್ಲಿ ಮೆಲ್ಲಗೆ ಒತ್ತುತ್ತಾ ನಾಳ ಹುಡುಕಿತು. ದೀಪ ಪಕ್ಕಕ್ಕೆ ಸರಿದ ಸದ್ದು. ಮೇಡಂ ಹತ್ತಿರ ಬಂದು ಬಗ್ಗಿದರು. ಅಣ್ಣ ಗೋಡೆಯ ಸ್ವಿಚ್ ಬೋರ್ಡಿನ ಕಡೆ ಹೋಗಿ ಫ್ಯಾನ್ ಆರಿಸಿದ. ನಾನು ಕಣ್ಣು ಗಟ್ಟಿಯಾಗಿ ಮುಚ್ಚಿದೆ, ಹಲ್ಲು ಕಚ್ಚಿದೆ, ಮನೆದೇವರನ್ನು ನೆನೆದೆ.

ಸೊಳ್ಳೆ ಕೂತ ಹಾಗೆ ಏನೋ ಆಯಿತು. ಆಮೇಲೆ ಏನೂ ಇಲ್ಲ.

'ಬೇಗ ಶುರು ಮಾಡ್ರಿ ಅತ್ತಿಗೆ, ಕಾಯಕ್ಕಾಗಲ್ಲ' ಎಂದೆ.

ಮೇಡಂ ನಕ್ಕದ್ದು ಕೇಳಿತು. ಅಣ್ಣ ಮೂಗೊರೆಸಿಕೊಂಡದ್ದೂ ಕೇಳಿತು.

'ಮುಗೀತು ಕಣಪ್ಪ. ಹತ್ತಿ ಒತ್ತಿ ಹಿಡ್ಕಂಡು ಏಳು, ಜನ ಕಾಯ್ತಾ ಅವ್ರೆ' ಎಂದ ಅತ್ತಿಗೆ, ಬಾಗಿಲ ಕಡೆ ಜೋರಾಗಿ ಕರೆದರು. 'ಬರ್ರಿ ಅಜ್ಜಿ, ಕುಂತ್ಕಳ್ರಿ.'

ನಾನಿನ್ನೂ ಕಣ್ಣು ಬಿಟ್ಟಿರಲಿಲ್ಲ.